ಯಾರೂ ಮೀಟದ ಗಾಂಧಾರ

ಹಾಡೋಕೆ ಶುರುಮಾಡಿ ಆರು ವರ್ಷ ಆದಮೇಲೆ ನಾನು ತಂಬೂರಿ ಶ್ರುತಿ ಸೇರಿಸೋದು ಕಲಿತದ್ದು. ಅಲ್ಲೀತನಕ ಶ್ರುತಿಪೆಟ್ಟಿಗೆಯ ಗುಂಡಿ ಒತ್ತಿ ಕೂರುತ್ತಿದ್ದೆ. ಒಂದು ದಿನ ಮೇಷ್ಟ್ರು ತಂಬೂರಿ ನನ್ನ ಮುಂದಿಟ್ಟು, ಒಂದೇ ಸ್ವರದ ನಡುವಿನ ಎರಡು ತಂತಿ ತೋರಿಸಿ, "ಎರಡೂ ಸಾರಣಿ ಮೀಟು, ಅಲೆ ಬರುತ್ತೆ ನೋಡು" ಅಂದರು. ಬಂತು: ವೋಂ ವೋಂ ವೋಂ. ಒಂದು ತಂತಿ ಸೆಕೆಂಡಿಗೆ 200 ಸಲ, ಇನ್ನೊಂದು 202 ಸಲ ಕಂಪಿಸಿದರೆ ಸೆಕೆಂಡಿಗೆ ಎರಡು ಅಲೆ. ಬಿರಡೆ ತಿರುಗಿಸುತ್ತಾ ಹೋದ ಹಾಗೆ ಅಲೆ ಉದ್ದವಾಗಿ, ನಿಧಾನವಾಗಿ, ಕೊನೆಗೆ ನಿಂತೇಹೋಯಿತು. ಇದು ವಾರದಲ್ಲಿ ಕೈಗೆ ಹತ್ತಿತು.

ಕಷ್ಟ ಆಮೇಲಿನದು. ತಂತಿಗಳನ್ನು ಹೊರುವ ಕುದುರೆಯ ಮೇಲೆ, ಮಂದ್ರದ (ಎಲ್ಲಕ್ಕಿಂತ ತಗ್ಗಿನ ಸ) ತಂತಿಯಡಿ ಸಿಕ್ಕಿಸಿದ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸಿ, "ಗಾಂಧಾರ ಕೇಳಿಸ್ತೇನೇ?" ಅನ್ನೋರು. ನಾಲ್ಕು ತಂತಿಗಳಲ್ಲಿ ಇರೋದು ಪ, ಸ, ಸ, ಸ. ಗಾಂಧಾರ, ಅಂದರೆ ಗ, ಎಲ್ಲಿಂದ ಬರಬೇಕು? ಎರಡು ತಿಂಗಳು ಸುಳ್ಳೇ "ಹ್ಞೂಂ ಸಾರ್" ಅಂದೆ. ಒಂದು ಸಂಜೆ ಕರೆಂಟು ಹೋಗಿ ಪಕ್ಕದ ಮನೆಯ ಟಿವಿ ನಿಂತಾಗ, ಮಂದ್ರದ ನಾದದ ಬಾಲದಲ್ಲಿ ಸಣ್ಣಗೆ ಅಂತರ ಗಾಂಧಾರ (ಮೇಲಿನ ಗ) ಬಿಚ್ಚಿಕೊಂಡಿತು. ತಂತಿಯ ನಾದದೊಳಗೇ ಅಡಗಿರುವ, ಮೂಲ ಕಂಪನದ ಐದು ಪಟ್ಟಿನ ಉಪಸ್ವರ ಅದು. ಅವತ್ತಿಂದ ಬೇಡ ಅಂದರೂ ಕೇಳಿಸುತ್ತೆ.

ಇದಕ್ಕೆ ದಂಡವೂ ತೆತ್ತಿದ್ದೇನೆ. ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ, ಕೀಬೋರ್ಡಿನ ಗಾಂಧಾರ ತಂಬೂರಿಯದಕ್ಕಿಂತ ಸುಮಾರು 14 ಪಾಲು ಮೇಲಿದೆ. ಮಗ ಸ-ಗ-ಪ ಒಟ್ಟಿಗೆ ಒತ್ತಿದರೆ ನನಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಅವನಿಗೆ ಸೊಗಸಾಗೇ ಇದೆ. ಅಮೆರಿಕದಲ್ಲಿ ಜಾಶ್ ಮೆಕ್‌ಡರ್ಮಟ್ ಮತ್ತು ಸಂಗಡಿಗರು 2010ರಲ್ಲಿ ಕಂಡದ್ದೂ ಇಂಥದ್ದೇ: ವಾದ್ಯ ನುಡಿಸಿದ ವರ್ಷ ಹೆಚ್ಚಿದಷ್ಟೂ, ಉಪಸ್ವರಗಳು ಒಂದೇ ಮೂಲಕ್ಕೆ ಹೊಂದುವ ನಾದದ ಮೇಲಿನ ಒಲವು ಹೆಚ್ಚು. ಅವರದೇ 2016ರ ಅಧ್ಯಯನದಲ್ಲಿ, ಬೊಲಿವಿಯಾದ ಕಾಡಿನ ತ್ಸಿಮಾನೆ ಜನಕ್ಕೆ ಇಂಪು ಅನ್ನೋ ಸ್ವರಗುಚ್ಛ, ಅಪಸ್ವರ ಅನ್ನೋ ಸ್ವರಗುಚ್ಛ ಎರಡೂ ಒಂದೇ ಥರ ಹಿತವಾಗಿದ್ದವು. ಮಗನನ್ನು ಗದರೋದು ಬಿಟ್ಟೆ.

ನನ್ನ ಸೊಕ್ಕು ಇಳಿದದ್ದು ಹೋದ ವರ್ಷ, ಅಪಾರ್ಟ್‌ಮೆಂಟಿನ ಕ್ರಿಸ್‌ಮಸ್ ಕಾಯರ್ ಸೇರಿದಾಗ. ನನ್ನದು ಆಲ್ಟೋ, ಅಂದರೆ ಹೆಂಗಸರ ತಗ್ಗಿನ ದನಿಯ ಸಾಲು. ಮೊದಲ ಗುಚ್ಛ ಸ-ಗ-ಪ, ಸರಾಗ. ಮುಂದಿನದು ಪ-ನಿ-ರಿ, ನನ್ನ ಪಾಲಿಗೆ ನಿಷಾದ. ಅಲ್ಲೇ ಎಡವಟ್ಟು. "ಮೇಡಂ, ನೀವು ಮೇಲಕ್ಕೆ ಜಾರ್ತಿದ್ದೀರ" ಅಂತ ಹಾಡಿಸೋರು ನಾಲ್ಕು ಸಲ ನಿಲ್ಲಿಸಿದರು. ಜಾರದೆ ಏನು ಮಾಡಲಿ? ನಮ್ಮಲ್ಲಿ ಕಾಕಲಿ ನಿಷಾದ, ಅಂದರೆ ಮೇಲಿನ ನಿ, ಷಡ್ಜದ (ಸ) ಮಡಿಲಿಗೇ ವಾಲೋದು. ಸುತ್ತ ಇಪ್ಪತ್ತು ಜನ ಏನೇ ಹಾಡಲಿ, ತಲೆಯೊಳಗಿನ ತಂಬೂರಿ ಸ ಬಿಟ್ಟು ಕದಲುತ್ತಿರಲಿಲ್ಲ.

ಐದನೇ ಸಲಕ್ಕೆ ಹೊಳೆಯಿತು: ಗ್ರಹಭೇದ ಮಾಡಿಕೊಂಡರೆ ಮುಗಿಯಿತಲ್ಲ! ಪಂಚಮವನ್ನೇ ಷಡ್ಜ ಅಂದುಕೊಂಡೆ. ನಿಷಾದ ಅಂತರ ಗಾಂಧಾರ ಆಯಿತು, ರಿಷಭ ಪಂಚಮ ಆಯಿತು. ಸ್ವರ ಒಂಚೂರು ಕೆಳಗಿಳಿದು ಕೂತಿತು. ಪಕ್ಕದವರ ದನಿಯ ಜೊತೆಗಿನ ಅಲೆಯೂ ನಿಂತಿತು. ಹಾಡಿಸೋರು ಏನೂ ಹೇಳದೆ ಮುಂದಿನ ಸಾಲಿಗೆ ಹೋದರು.

ರಾತ್ರಿ ಮನೆಗೆ ಬಂದು ತಂಬೂರಿ ಇಳಿಸಿ, ಪಂಚಮದ ತಂತಿ ಒಂದನ್ನೇ ಮೀಟಿದೆ. ಅದರ ಬಾಲದಲ್ಲಿ ನಿಷಾದ ಇತ್ತು. ಮಂದ್ರದ ಗಾಂಧಾರಕ್ಕೆ ಕಾದು ಕೂತ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.