‘ಬೆಳೆಯುವ ರೈತರು’ ಇಂಗ್ಲಿಷಿಗೆ ಹೋದಾಗ: ಬಹುವಚನದ ಉಪವಾಕ್ಯ ಕಲಿಸುವ ನನ್ನ ಅನುಭವ

ಗಂಗಾವತಿಯಲ್ಲಿ ನನ್ನ ಹತ್ತಿರ ಸ್ಪೋಕನ್ ಇಂಗ್ಲಿಷ್ ಕಲಿಯಲು ಬರುವವರು ಬಹುತೇಕ ಕನ್ನಡ ಮಾಧ್ಯಮದವರು. ಅಕ್ಕಿ ಗಿರಣಿಯ ಆಫೀಸಿನಲ್ಲಿ ಬಿಲ್ ಬರೆಯುವವರು, ಆನೆಗೊಂದಿ, ಅಂಜನಾದ್ರಿ ಕಡೆ ಪ್ರವಾಸಿಗರನ್ನು ಸುತ್ತಾಡಿಸುವವರು, ಡಿಗ್ರಿ ಮುಗಿಸಿ ಇಂಟರ್‌ವ್ಯೂಗೆ ತಯಾರಾಗುವವರು. ‘ದಿ ಫಾರ್ಮರ್ಸ್ ಗ್ರೋ ಪ್ಯಾಡಿ’ ಎಂದು ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ. ಅದೇ ಮಾತು ದೊಡ್ಡ ವಾಕ್ಯದ ಒಳಗೆ ಬಂದರೆ ಮಾತ್ರ ‘ದಿ ಫಾರ್ಮರ್ಸ್ ಹೂ ಗ್ರೋಸ್ ಪ್ಯಾಡಿ’ ಆಗಿಬಿಡುತ್ತದೆ. ಕರ್ತೃ ಬಹುವಚನವಾದರೆ ಕ್ರಿಯಾಪದಕ್ಕೆ ಎಸ್ ಬೇಡ ಎನ್ನುವ ನಿಯಮ ಅವರಿಗೆ ಬಾಯಿಪಾಠ. ಆದರೂ ತಪ್ಪುತ್ತದೆ.

ಕಾರಣ ನಮ್ಮ ಕನ್ನಡದಲ್ಲೇ ಇದೆ. ‘ಭತ್ತ ಬೆಳೆಯುವ ರೈತ’, ‘ಭತ್ತ ಬೆಳೆಯುವ ರೈತರು’: ಎರಡರಲ್ಲೂ ‘ಬೆಳೆಯುವ’ ಒಂದೇ. ‘ಅವನು ಬಂದರೆ’, ‘ಅವರು ಬಂದರೆ’. ‘ಬಸ್ಸು ಬಂದಾಗ’, ‘ಬಸ್ಸುಗಳು ಬಂದಾಗ’: ಇಲ್ಲೂ ಕ್ರಿಯಾಪದ ವಚನ ನೋಡುವುದಿಲ್ಲ. ಇಂಗ್ಲಿಷಿನಲ್ಲಿ ಒಳಗಿನ ವಾಕ್ಯವೂ, ಅಂದರೆ ಉಪವಾಕ್ಯವೂ, ಪೂರ್ತಿ ವಾಕ್ಯವೇ. ಅದಕ್ಕೆ ತನ್ನದೇ ಕರ್ತೃ, ಆ ಕರ್ತೃವಿಗೆ ಹೊಂದುವ ಕ್ರಿಯಾಪದ ಬೇಕೇ ಬೇಕು. ‘ಅವರು ಬರುತ್ತಾರೆ ಎಂದು ಹೇಳಿದ’ ಎಂಬ ಥರದ ವಾಕ್ಯದಲ್ಲಿ ಕಲಿಯುವವರು ಅಷ್ಟಾಗಿ ಎಡವುವುದಿಲ್ಲ. ‘ಎಂದು’ ಹಿಂದೆ ಕನ್ನಡದಲ್ಲೂ ಪೂರ್ತಿ ಕ್ರಿಯಾಪದ ಇರುತ್ತದಲ್ಲ, ಅದಕ್ಕೆ. ಹಾಗಾಗಿ ‘ಎಂದು’ ಎನ್ನುವ ಅರ್ಥದ ‘ದ್ಯಾಟ್’ ಉಪವಾಕ್ಯಕ್ಕೆ ನಾನು ಹೆಚ್ಚು ಸಮಯ ಕೊಡುವುದಿಲ್ಲ. ‘ಹೂ’, ‘ವಿಚ್’, ಅವುಗಳ ಜಾಗದಲ್ಲಿ ಬರುವ ‘ದ್ಯಾಟ್’, ‘ವೆನ್’, ‘ಇಫ್’ ಇರುವ ಕಡೆಯೇ ಕೆಲಸ.

‘ಹೂ’ ಬಂದಾಗ ಇನ್ನೊಂದು ಅಭ್ಯಾಸವೂ ಅಡ್ಡ ಬರುತ್ತದೆ. ‘ಹೂ ವಾಂಟ್ಸ್ ಟೀ?’, ‘ಹೂ ಈಸ್ ದೇರ್?’ ಎಂದು ಪ್ರಶ್ನೆಯಲ್ಲಿ ಅದು ಏಕವಚನ ಹಿಡಿದೇ ಕಿವಿಗೆ ಬಿದ್ದಿರುತ್ತದೆ. ಉಪವಾಕ್ಯದ ‘ಹೂ’ಗೆ ಸ್ವಂತ ವಚನ ಇಲ್ಲ, ತನ್ನ ಹಿಂದಿನ ನಾಮಪದದ್ದೇ ಅದರ ವಚನ.

ಇದಕ್ಕೆ ನಾನು ಬಳಸುವ ಉಪಾಯ ಕನ್ನಡದ್ದೇ. ‘ಭತ್ತ ಬೆಳೆಯುವ ರೈತರು’ ಎಂಬುದನ್ನು ಮೊದಲು ‘ಯಾವ ರೈತರು ಭತ್ತ ಬೆಳೆಯುತ್ತಾರೋ ಅವರು’ ಎಂದು ಬಿಡಿಸಿ ಹೇಳಿಸುತ್ತೇನೆ. ಬಿಡಿಸಿದ ಕೂಡಲೇ ಅಡಗಿದ್ದ ವಚನ ಹೊರಗೆ ಬರುತ್ತದೆ. ‘-ತ್ತಾರೋ’ ಬಂದರೆ ‘ಗ್ರೋ’, ‘-ತ್ತಾನೋ’, ‘-ತ್ತಾಳೋ’ ಬಂದರೆ ‘ಗ್ರೋಸ್’. ವಸ್ತುಗಳಿಗೆ ನಮ್ಮ ಕಡೆಯ ಆಡುಮಾತೇ ಸಾಕು: ‘ಲಾರಿ ಬರ್ತೈತಿ’ ಎಂದರೆ ‘ಕಮ್ಸ್’, ‘ಲಾರಿ ಬರ್ತಾವ’ ಎಂದರೆ ‘ಕಮ್’. ‘ಹತ್ತು ಲಾರಿ ಬರ್ತಾವ’ ಎನ್ನುವಾಗ ನಾವು ‘ಗಳು’ ಹಚ್ಚುವುದಿಲ್ಲ, ಆದರೂ ‘ಬರ್ತಾವ’ ಬಹುವಚನ. ಇಂಗ್ಲಿಷಿನಲ್ಲಿ ‘ಟೆನ್ ಲಾರೀಸ್’ ಎಂದು ನಾಮಪದಕ್ಕೂ ಹಚ್ಚಬೇಕು. ‘ಟೆನ್ ಲಾರಿ ದ್ಯಾಟ್ ಕಮ್’ ಎಂಬ ಅರ್ಧ ಸರಿ ವಾಕ್ಯ ಹುಟ್ಟುವುದು ಇಲ್ಲಿಂದ.

ಈ ಉಪಾಯ ಕೈಕೊಡುವ ಜಾಗವೂ ಒಂದಿದೆ, ಅದನ್ನು ಮೊದಲ ದಿನವೇ ಹೇಳಿಬಿಡಬೇಕು. ‘ಗಿರಣಿ ನಡೆಸುವ ಮಾಲೀಕರು’ ಬಿಡಿಸಿದರೆ ‘ಯಾವ ಮಾಲೀಕರು ನಡೆಸುತ್ತಾರೋ’ ಎಂದಾಗುತ್ತದೆ. ಆದರೆ ಮಾಲೀಕರು ಒಬ್ಬರೇ, ‘-ರು’ ಬಂದಿದ್ದು ಮರ್ಯಾದೆಗೆ. ಇಂಗ್ಲಿಷ್ ಕ್ರಿಯಾಪದ ಮರ್ಯಾದೆ ಲೆಕ್ಕಕ್ಕಿಡುವುದಿಲ್ಲ, ತಲೆ ಎಣಿಸುತ್ತದೆ: ‘ದಿ ಓನರ್ ಹೂ ರನ್ಸ್ ದಿ ಮಿಲ್’. ಅಪ್ಪ, ಅವ್ವ, ಮೇಷ್ಟ್ರು, ಡಾಕ್ಟರು, ತಹಶೀಲ್ದಾರರು ಬಂದಾಗಲೆಲ್ಲ ‘ಎಷ್ಟು ಮಂದಿ?’ ಎಂದು ಕೇಳಿಸಿಯೇ ಮುಂದೆ ಹೋಗುತ್ತೇನೆ.

ನಿಜವಾದ ಕಷ್ಟ ಶುರುವಾಗುವುದು ಒಂದೇ ವಾಕ್ಯದಲ್ಲಿ ಎರಡು ಕರ್ತೃ ಬಂದಾಗ. ಇದಕ್ಕೆ ನಾಲ್ಕು ವಾಕ್ಯಗಳ ಒಂದು ಗುಂಪನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆಯುತ್ತೇನೆ:

‘ದಿ ಲಾರಿ ದ್ಯಾಟ್ ದಿ ಫಾರ್ಮರ್ ಹೈರ್ಸ್ ಕಮ್ಸ್ ಲೇಟ್.’
‘ದಿ ಲಾರಿ ದ್ಯಾಟ್ ದಿ ಫಾರ್ಮರ್ಸ್ ಹೈರ್ ಕಮ್ಸ್ ಲೇಟ್.’
‘ದಿ ಲಾರೀಸ್ ದ್ಯಾಟ್ ದಿ ಫಾರ್ಮರ್ ಹೈರ್ಸ್ ಕಮ್ ಲೇಟ್.’
‘ದಿ ಲಾರೀಸ್ ದ್ಯಾಟ್ ದಿ ಫಾರ್ಮರ್ಸ್ ಹೈರ್ ಕಮ್ ಲೇಟ್.’

ಮೊದಲನೆಯದೂ ಕೊನೆಯದೂ ಸುಲಭ. ಎರಡೂ ಕ್ರಿಯಾಪದ ಒಂದೇ ಥರ ಇವೆ. ತಪ್ಪು ಆಗುವುದು ನಡುವಿನ ಎರಡರಲ್ಲಿ. ‘ಫಾರ್ಮರ್ಸ್ ಹೈರ್’ ಎಂದ ನಾಲಗೆ ಅದೇ ಓಟದಲ್ಲಿ ‘ಕಮ್’ ಎಂದುಬಿಡುತ್ತದೆ, ಯಾಕೆಂದರೆ ಹತ್ತಿರದಲ್ಲಿ ಇರುವುದು ಫಾರ್ಮರ್ಸ್. ಲಾರಿ ಅಷ್ಟರಲ್ಲಿ ದೂರವಾಗಿರುತ್ತದೆ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ಅವಸರದ ಮಾತಿನಲ್ಲಿ ಹೀಗೆ ಹತ್ತಿರದ ನಾಮಪದಕ್ಕೆ ಕ್ರಿಯಾಪದ ಹೊಂದಿಸಿಬಿಡುವುದುಂಟು. ಪರಿಹಾರ: ‘ದ್ಯಾಟ್’ನಿಂದ ‘ಹೈರ್’ ತನಕ ಬೆರಳಿಂದ ಮುಚ್ಚಿ ಓದುವುದು. ‘ದಿ ಲಾರಿ… ಕಮ್ಸ್ ಲೇಟ್’ ಉಳಿಯುತ್ತದೆ. ಆಮೇಲೆ ಮುಚ್ಚಿದ್ದನ್ನು ಮಾತ್ರ ತೆಗೆದು ಓದುವುದು: ‘ದಿ ಫಾರ್ಮರ್ಸ್ ಹೈರ್’. ಎರಡೂ ಬೇರೆ ಬೇರೆಯಾಗಿ ಸರಿ ಇದ್ದರೆ ಒಟ್ಟಿಗೂ ಸರಿ. ಮಾತಾಡುವಾಗ ಮುಚ್ಚಲು ಬೆರಳಿಲ್ಲ; ಅದಕ್ಕೆ ‘ಹೈರ್’ ಆದ ಮೇಲೆ ಅರೆ ಕ್ಷಣ ನಿಲ್ಲುವ ರೂಢಿ ಮಾಡಿಸುತ್ತೇನೆ. ಆಮೇಲೆ ಲಾರಿ ಜಾಗಕ್ಕೆ ಚೀಲ, ಪಂಪು ಏನನ್ನಾದರೂ ಇಡಿ. ನಾಲ್ಕೂ ಬಗೆ ಹೇಳಿಸದೆ ಬಿಡಬಾರದು.

ಭೂತಕಾಲದಲ್ಲಿ ಈ ತಾಪತ್ರಯ ಇಲ್ಲ. ‘ಗ್ರೂ’, ‘ಕೇಮ್’ ಯಾರಿಗಾದರೂ ಒಂದೇ. ‘ವಿಲ್’, ‘ಕ್ಯಾನ್’ ಕೂಡ ಹಾಗೇ. ‘ವಾಜ್’ ಮತ್ತು ‘ವರ್’ ಮಾತ್ರ ಬದಲಾಗುತ್ತವೆ. ಇದಕ್ಕೆ ತುಂಗಭದ್ರಾ ಡ್ಯಾಮಿನ ಉದಾಹರಣೆ ಕೊಟ್ಟರೆ ಎಲ್ಲರಿಗೂ ತಟ್ಟನೆ ಹತ್ತುತ್ತದೆ. 33 ಗೇಟುಗಳಲ್ಲಿ 2024ರ ಆಗಸ್ಟಿನಲ್ಲಿ ಕೊಚ್ಚಿ ಹೋಗಿದ್ದು 19ನೆಯದು: ‘ದಿ ಗೇಟ್ ದ್ಯಾಟ್ ವಾಜ್ ವಾಶ್ಡ್ ಅವೇ’. ಉಳಿದವು 32: ‘ದಿ ಗೇಟ್ಸ್ ದ್ಯಾಟ್ ವರ್ ಲೆಫ್ಟ್’.

‘ಎವ್ರಿವನ್’ ಬಗ್ಗೆ ಎಚ್ಚರ. ನಮಗೆ ‘ಎಲ್ಲರೂ’ ಬಹುವಚನ, ಇಂಗ್ಲಿಷಿಗೆ ‘ಎವ್ರಿವನ್ ಹೂ ಕಮ್ಸ್’ ಏಕವಚನ. ಬಹುವಚನವೇ ಬೇಕಿದ್ದರೆ ‘ದೋಸ್ ಹೂ ಕಮ್’ ಅಥವಾ ‘ಆಲ್ ಹೂ ಕಮ್’. ಇದಕ್ಕೆ ತದ್ವಿರುದ್ಧ ‘ಪೀಪಲ್’: ಎಸ್ ಇಲ್ಲದ ಬಹುವಚನ. ‘ಎಸ್ ಒಂದೇ ಕಡೆ ಇರಬೇಕು, ನಾಮಪದಕ್ಕೆ ಅಥವಾ ಕ್ರಿಯಾಪದಕ್ಕೆ’ ಎಂದು ಸಾಲಿಯಲ್ಲಿ ಕಲಿತವರು ಇಲ್ಲಿ ‘ಪೀಪಲ್ ಹೂ ಲಿವ್ಸ್’ ಎನ್ನುತ್ತಾರೆ. ‘ಚಿಲ್ಡ್ರನ್’, ‘ಮೆನ್’, ‘ವಿಮೆನ್’, ‘ಪೊಲೀಸ್’ ಕೂಡ ಇದೇ ಗುಂಪು, ಎರಡೂ ಕಡೆ ಎಸ್ ಇಲ್ಲ. ಆ ಸೂತ್ರವನ್ನು ನಾನು ಕಲಿಸುವುದೇ ಇಲ್ಲ.

‘ವೆನ್’, ‘ಇಫ್’ ಉಪವಾಕ್ಯಗಳಲ್ಲಿ ವಚನದ ಜೊತೆಗೆ ಕಾಲವೂ ತಪ್ಪುತ್ತದೆ. ‘ನಾಳೆ ಪ್ರವಾಸಿಗರು ಬಂದಾಗ ಫೋನ್ ಮಾಡ್ತೀನಿ’ ಎನ್ನಲು ‘ವೆನ್ ದಿ ಟೂರಿಸ್ಟ್ಸ್ ವಿಲ್ ಕಮ್’ ಅಲ್ಲ, ‘ವೆನ್ ದಿ ಟೂರಿಸ್ಟ್ಸ್ ಕಮ್, ಐ ವಿಲ್ ಕಾಲ್ ಯೂ’. ‘ವಿಲ್’ ತೆಗೆದೊಡನೆ ಎಸ್ ಪ್ರಶ್ನೆ ಬಂತು ಎಂದೇ ಅರ್ಥ, ಆದ್ದರಿಂದ ಎರಡನ್ನೂ ಒಟ್ಟಿಗೇ ಅಭ್ಯಾಸ ಮಾಡಿಸಬೇಕು.

ಪ್ರಶ್ನೆಯನ್ನು ಒಳಗೆ ಇಟ್ಟಾಗ ಪದಗಳ ಸಾಲು ತಿರುಗುತ್ತದೆ. ‘ವೇರ್ ಆರ್ ದಿ ಬಾಯ್ಸ್?’ ಸರಿ, ಆದರೆ ‘ಡು ಯೂ ನೋ ವೇರ್ ದಿ ಬಾಯ್ಸ್ ಆರ್?’ ಕರ್ತೃ ಮೊದಲು ಬಂದರೆ ವಚನ ಹೊಂದಿಸುವುದೂ ಹಗುರ.

‘ಒನ್ ಆಫ್ ದಿ’ ಬಗ್ಗೆ ಪರೀಕ್ಷೆ ಬರೆಯುವವರು ಬಹಳ ಕೇಳುತ್ತಾರೆ. ‘ಹಿ ಈಸ್ ಒನ್ ಆಫ್ ದಿ ಬಾಯ್ಸ್ ಹೂ ಕಮ್ ಲೇಟ್’: ತಡವಾಗಿ ಬರುವ ಹುಡುಗರು ಹಲವರು, ಇವನು ಅವರಲ್ಲೊಬ್ಬ, ಆದ್ದರಿಂದ ‘ಕಮ್’. ‘ದಿ ಓನ್ಲಿ ಒನ್ ಆಫ್ ದಿ ಬಾಯ್ಸ್ ಹೂ ಕಮ್ಸ್ ಲೇಟ್’ ಎಂದರೆ ಬರುವವನು ಒಬ್ಬನೇ. ಮೊದಲನೆಯದಕ್ಕೆ ದಿನಬಳಕೆಯ ಮಾತಿನಲ್ಲಿ ‘ಕಮ್ಸ್’ ಕೂಡ ಧಾರಾಳವಾಗಿ ಕೇಳಿಬರುತ್ತದೆ, ಅದನ್ನು ಕೇಳಿ ಗಾಬರಿಯಾಗುವುದು ಬೇಡ. ಪರೀಕ್ಷೆಯಲ್ಲಿ ‘ಕಮ್’ ಬರೆಯಿರಿ.

ಎದುರಿಗೆ ಜನ ನಿಂತಿರುವಾಗ ಇಷ್ಟೆಲ್ಲ ಯೋಚಿಸಲು ಬಿಡುವಿರುವುದಿಲ್ಲ. ಗೈಡ್ ಕೆಲಸದವರಿಗೆ ನಾನು ‘-ಇಂಗ್’ ರೂಪ ಕೊಡುತ್ತೇನೆ: ‘ದಿ ಬಾಯ್ಸ್ ಸ್ಟ್ಯಾಂಡಿಂಗ್ ದೇರ್’, ‘ಪೀಪಲ್ ಲಿವಿಂಗ್ ಇನ್ ಆನೆಗೊಂದಿ’. ಇದು ನಮ್ಮ ‘ನಿಂತಿರುವ’, ‘ವಾಸಿಸುವ’ ಇದ್ದಂತೆಯೇ, ವಚನದ ಗೊಡವೆ ಇಲ್ಲ. ಒಂದು ಷರತ್ತು, ಆ ಕೆಲಸ ಮಾಡುವವರು ಆ ನಾಮಪದದವರೇ ಆಗಿರಬೇಕು. ‘ರೈತರು ಬಾಡಿಗೆಗೆ ಹಿಡಿಯುವ ಲಾರಿ’ಯನ್ನು ‘ದಿ ಲಾರಿ ಹೈರಿಂಗ್’ ಎಂದರೆ ಲಾರಿಯೇ ಇನ್ನೇನನ್ನೋ ಬಾಡಿಗೆಗೆ ಹಿಡಿದಂತಾಗುತ್ತದೆ. ಅಲ್ಲಿ ಮತ್ತೆ ಬೋರ್ಡಿನ ಆ ನಾಲ್ಕು ವಾಕ್ಯಗಳೇ ಗತಿ.