ಅಕ್ಕಿಯಿಂದಲೇ ಬಿಳಿ, ಅಕ್ಕಿಯಿಂದಲೇ ಕಪ್ಪು

ನಮ್ಮದು ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯಲಿಕ್ಕೂ ಬಿಡುವುದಿಲ್ಲ. ಹಾಗಾಗಿ ನನ್ನ ಹಸೆ ಚಿತ್ತಾರ ಶುರುವಾಗಿದ್ದು 2 ಅಡಿ ಪ್ಲೈವುಡ್ ಮೇಲೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚದಲ್ಲಿ ಇದನ್ನು ಬರೆಯುತ್ತಾರೆ. ಬಿಳಿ ಅಕ್ಕಿಯದು, ಕಪ್ಪು ಸುಟ್ಟ ಅಕ್ಕಿಯದು, ಹಳದಿ ಗುರಿಗೆ ಕಾಯಿಯದು. ನನ್ನ ಹತ್ತಿರ ಇದ್ದದ್ದು ದೋಸೆ ಅಕ್ಕಿ ಮತ್ತು ಒಂದು ಮಿಕ್ಸಿ.

ಬಿಳಿ ಸುಲಭ ಅಂದುಕೊಂಡಿದ್ದೆ. ಅರ್ಧ ಲೋಟ ಅಕ್ಕಿಯನ್ನು 5 ಗಂಟೆ ನೆನೆಸಿ, ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿದೆ. ಎಳೆ ಬರೆದರೆ ಏನೂ ಕಾಣಲಿಲ್ಲ. ಹಸಿಯಿದ್ದಾಗ ಬರೀ ನೀರಿನ ಗೆರೆ! ತಡೆಯಲಾರದೆ ಮೇಲೆ ಮೇಲೆ ಬಳಿದೆ. ಒಣಗಿದಾಗ ಬೆಳ್ಳಗೇನೋ ಆಯಿತು, ಆದರೆ ಬಿರುಕು ಬಿಟ್ಟು ಚಕ್ಕೆಯಾಗಿ ಉದುರಿತು. ಒಂದು ಸಲ ಬರೆದು ಸುಮ್ನೆ ಕೂತಿರಬೇಕು, ಅದೇ ಬೆಳ್ಳಗಾಗುತ್ತದೆ.

ಕಪ್ಪಿಗೆ ಒಂದು ಹಿಡಿ ಅಕ್ಕಿಯನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿದೆ. ಕಂದು ಬಣ್ಣಕ್ಕೆ ಬಂದಾಗ ನಿಲ್ಲಿಸಿದ್ದೇ ತಪ್ಪು. ಅರೆದರೆ ಕಾಫಿ ಬಣ್ಣ. ಎರಡನೇ ಸಲ ಪೂರ್ತಿ ಇದ್ದಿಲಾಗುವವರೆಗೂ ಬಿಟ್ಟೆ. ಮನೆಯೆಲ್ಲ ಹೊಗೆ. ಪಕ್ಕದ ಮನೆ ಆಂಟಿ ಬಂದು, "ಅನ್ನ ಸೀದುಹೋಯ್ತಾ?" ಅಂದರು. ರಾತ್ರಿಯಿಡೀ ನೀರಲ್ಲಿ ನೆನೆಸಿ ಬೆಳಿಗ್ಗೆ ಅರೆದೆ. ಬರೀ ನೀರಲ್ಲಿ ಕಲಸಿದ ಕಪ್ಪು ಕೈಗೆ ಅಂಟುತ್ತಿತ್ತು. ಒಂದು ಚಮಚ ಗಂಜಿ ಹಾಕಿದ ಮೇಲೆ ನಿಂತಿತು.

ಗುರಿಗೆ ಕಾಯಿ ಸಿಗಲಿಲ್ಲ, ಅರಿಶಿನ ಹಾಕಿದೆ. ಅಲ್ಲೇ ಒಂದು ಎಡವಟ್ಟು. ಇನ್ನಷ್ಟು ಬೆಳ್ಳಗಿರಲಿ ಅಂತ ಅಕ್ಕಿ ಹಿಟ್ಟಿಗೆ ಚೂರು ಎಲೆ ಸುಣ್ಣ ಬೆರೆಸಿದ್ದೆ. ಅದು ಒಣಗುವ ಮೊದಲೇ ಮೇಲೆ ಹಳದಿ ಗೆರೆ ಎಳೆದೆ. ಕಣ್ಣೆದುರೇ ಕೆಂಪಾಯಿತು! ಅರಿಶಿನಕ್ಕೆ ಸುಣ್ಣ ಹಾಕಿ ಆರತಿ ನೀರು ಮಾಡುವ ಮನೆಯಲ್ಲೇ ಬೆಳೆದವಳು ನಾನು. ಆದರೂ ಹೊಳೆದಿರಲಿಲ್ಲ, ನೋಡಿ. ಸುಣ್ಣ ಬಿಟ್ಟು ಮತ್ತೆ ಬರೆದೆ. ಅರಿಶಿನಕ್ಕೆ ಬಿಸಿಲೂ ಆಗದು. ಕಿಟಕಿ ಪಕ್ಕ ಇಟ್ಟ ಹಲಗೆಯಲ್ಲಿ ಹಳದಿ ಕೆಲವೇ ವಾರಗಳಲ್ಲಿ ಮಾಸಿತು. ಈಗ ನೆರಳಿನಲ್ಲಿ ಇಟ್ಟಿದ್ದೇನೆ.

ಮೊನ್ನೆ ನೋಡಿದರೆ ಒಂದು ಮೂಲೆಯ ಬಿಳಿ ಎಳೆಗಳನ್ನು ಜಿರಳೆ ತಿಂದಿದೆ. ಕಪ್ಪನ್ನು ಮಾತ್ರ ಮುಟ್ಟಿಲ್ಲ.