ಹುಡುಗನ ಕೈಗೆ ಜಾಯಿಂಟ್ ಕೊಟ್ಟ ಮೇಲೆ

ಚಿಂತಾಮಣಿ ಹತ್ತಿರ ನನ್ನದು ಸಬ್‌ಮರ್ಸಿಬಲ್ ರಿವೈಂಡಿಂಗ್ ಅಂಗಡಿ. ಬೋರಿನ ನೀರೊಳಗೆ ಓಡುವ ಮೋಟರ್ ಸುಟ್ಟರೆ ಅದರ ತಂತಿ ಕಾಯಿಲ್ ಹೊಸದಾಗಿ ಸುತ್ತುವ ಕೆಲಸ. ಆ ತಂತಿಯನ್ನ ವೈರಿಗೆ ಸೇರಿಸಿ, ನೀರು ಹೋಗದಂಗೆ ಟೇಪ್ ಸುತ್ತೋದೇ ಜಾಯಿಂಟ್. "ಹುಡುಗರಿಗೆ ಕಾಯಿಲ್ ಸುತ್ತೋದು ಕಲಿಸು, ಜಾಯಿಂಟ್ ಮಾತ್ರ ನೀನೇ ಹಾಕು. ಇಲ್ಲಾಂದ್ರೆ ಎದುರಿಗೇ ಅಂಗಡಿ ಇಡ್ತಾರೆ" ಅಂತ ನಮ್ಮ ಲೈನಿನವರೆಲ್ಲ ಹೇಳುತ್ತಿದ್ದರು. ಮೊದಲ 6 ವರ್ಷ ಹಾಗೇ ಮಾಡಿದೆ. ಬಂದ ಐದು ಜನವೂ ಬಿಟ್ಟು ಹೋದರು. ಒಬ್ಬನಿಗೆ ಕೊಟ್ಟಿದ್ದ 10 ಸಾವಿರ ಅಡ್ವಾನ್ಸೂ ಹೋಯಿತು.

ಆಮೇಲೆ ಬಂದವನಿಗೆ ಮೂರನೇ ತಿಂಗಳಿಗೇ ಜಾಯಿಂಟ್ ಕೊಟ್ಟೆ. ಅವನ ಮೊದಲ ಮೋಟರ್ ನಾಲ್ಕೇ ದಿನಕ್ಕೆ ಸುಟ್ಟುಹೋಯಿತು. 1,200 ಅಡಿ ಬೋರು. ಎತ್ತಿ ಇಳಿಸೋ ಕೂಲಿ, ವೈರು ಸೇರಿ 20 ಸಾವಿರದ ಹತ್ತಿರ ನನ್ನ ಕೈಯಿಂದ ಹೋಯಿತು. ಸಂಬಳದಲ್ಲಿ ಹಿಡಿಯಲಿಲ್ಲ. ಅವನನ್ನೂ ತೋಟಕ್ಕೆ ಕರೆದುಕೊಂಡು ಹೋದೆ. ಪೈಪು ಒಂದೊಂದೇ ಬಿಚ್ಚಿ ಮೇಲೆ ಬರುವ ತನಕ ಅಲ್ಲೇ ನಿಂತಿದ್ದ. ಟೊಮ್ಯಾಟೊ ಗಿಡ ಬಾಡಿತ್ತು. ರೈತ ಬೈಯಲಿಲ್ಲ, ಗಿಡಾನೇ ನೋಡುತ್ತಾ ಕೂತಿದ್ದರು.

ಅಂಗಡಿಗೆ ಬಂದು ಹುಡುಗನೇ ಟೇಪ್ ಬಿಚ್ಚಿದ. ಒಳಗೆ ಒಂದು ಕಡೆ ಸುಕ್ಕು, ಅದರ ಕೆಳಗೆ ಕಪ್ಪು ಕಲೆ. ಸೀಸನ್ ಅವಸರಕ್ಕೆ ಒಂದೇ ಗಂಟೆ ನೀರಲ್ಲಿ ನೆನೆಸಿ ಮೆಗ್ಗರ್ (ಕರೆಂಟ್ ಸೋರುತ್ತಾ ಅಂತ ತೋರಿಸೋ ಮೀಟರ್) ಇಟ್ಟು ನೋಡಿದ್ದೆವು. ಆ ತಪ್ಪು ನನ್ನದು. "ಅಣ್ಣ, ಇನ್ಮೇಲೆ ರಾತ್ರಿಯೆಲ್ಲ ನೆನೆಸಣ" ಅಂದ.

ಅವತ್ತಿಂದ ಮೋಟರ್ ಸುತ್ತಿದವರ ಹೆಸರು ಪುಸ್ತಕದಲ್ಲಿ ಬರೆಸುತ್ತೇನೆ. ಒಂದು ವರ್ಷ ಓಡಿದರೆ ಕೂಲಿಯಲ್ಲಿ ಅವರಿಗೂ ಪಾಲು. ಎಷ್ಟು ಅನ್ನೋದು ನಮ್ಮೊಳಗೇ ಇರಲಿ. ಟೇಪ್ ಎಳೆಯೋದರಲ್ಲೂ ನನ್ನದೊಂದು ಪಟ್ಟು ಇದೆ, ಅದು ಎದುರು ಕೂತು ಕಲಿತವರಿಗೆ ಮಾತ್ರ.

ಮಧ್ಯೆ ಫೋನಲ್ಲಿ ವಿಡಿಯೋ ಮಾಡಿ ಕೊಟ್ಟೆ. ಕೈಯ ಬಿಗಿ ವಿಡಿಯೋದಲ್ಲಿ ಕಾಣಲ್ಲ. ಯಾವ ಮೋಟರಿಗೆ ಎಷ್ಟು ಸುತ್ತು ಅಂತ ಬರೆದಿಟ್ಟ ನನ್ನ ಹಳೇ ಡೇಟಾ ಪುಸ್ತಕ ಕೊಟ್ಟರೆ ಸುತ್ತು ಎಣಿಸೋದನ್ನೇ ಬಿಟ್ಟರು. ಈಗ ಹಳೇ ಕಾಯಿಲ್ ಕತ್ತರಿಸಿ ಮೊದಲು ಅವರು ಎಣಿಸಬೇಕು, ಆಮೇಲೆ ನಾನು ಪುಸ್ತಕ ತೆಗೆಯೋದು.

ಆ ಹುಡುಗ 4 ವರ್ಷ ಇದ್ದು ಶ್ರೀನಿವಾಸಪುರದ ಕಡೆ ಸ್ವಂತ ಅಂಗಡಿ ಇಟ್ಟ. ಮೆಗ್ಗರ್ ನಾನೇ ಕೊಟ್ಟು ಕಳಿಸಿದೆ. ಅವನ ಕೈಲಾಗದ ದೊಡ್ಡ ಮೋಟರ್ ನನಗೆ ಕಳಿಸುತ್ತಾನೆ, ಹೋದ ಬೇಸಿಗೆಯಲ್ಲೇ 40ರ ಹತ್ತಿರ ಬಂದವು. ಮೊದಲು ನೂರಕ್ಕೆ 12 ಮೋಟರ್ ವಾಪಸ್ ಬರುತ್ತಿದ್ದವು. ಈಗ ಎರಡೋ ಮೂರೋ. ನಮ್ಮ ಸುತ್ತಮುತ್ತ ಇಷ್ಟು ಕಡಿಮೆ ಇನ್ನೊಂದು ಅಂಗಡಿ ತೋರಿಸಿ ನೋಡೋಣ.

ಈಗಿರುವ ಇಬ್ಬರಲ್ಲಿ ಚಿಕ್ಕವನು ಹೋದ ವಾರ ಮೊದಲ ಜಾಯಿಂಟ್ ಹಾಕಿ, ರಾತ್ರಿ ಡ್ರಮ್ಮಿನಲ್ಲಿ ಮುಳುಗಿಸಿ ಹೋದ. ಬೆಳಗ್ಗೆ ನಾನು ಬರುವಷ್ಟರಲ್ಲಿ ಶಟರ್ ಮುಂದೆ ನಿಂತಿದ್ದ.